ತಿರುಗುವ ನೆಲ, ಬಳಸುವ ಗಾಳಿ

ಸುರಪುರದ ಗುಡ್ಡದ ಮೇಲೆ ಗಾಳಿಗೆ ಬಿಡುವೆಂಬುದಿಲ್ಲ. ಮೆಡೋಸ್ ಟೇಲರನು ಕಟ್ಟಿಸಿಕೊಂಡ, ಜನರು ಇಂದಿಗೂ ಟೇಲರ್ ಮಂಜಿಲ್ ಎಂದು ಕರೆಯುವ ಬಂಗಲೆಯ ಬಳಿ ಒಂದು ಸಂಜೆ ನಿಂತು ನೋಡಿದರೆ, ಬಂಡೆಗುಡ್ಡಗಳ ಆಚೆ ಎರಡು ಹೊಳೆಗಳ ನಡುವಣ ಸೀಮೆ ಹರಡಿಕೊಂಡಿರುವುದು ಮನಸ್ಸಿಗೆ ಬರುತ್ತದೆ. ದಕ್ಷಿಣಕ್ಕೆ ಕೃಷ್ಣೆ, ಉತ್ತರ ಪೂರ್ವಗಳ ಕಡೆಗೆ ಭೀಮೆ. ಎರಡೂ ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿಯತಕ್ಕವು. ನಡುವೆ ಯಾದಗಿರಿ, ಶಹಾಪುರ, ಸುರಪುರಗಳ ಎರೆಹೊಲ, ತೊಗರಿ, ಹತ್ತಿ, ಈಚಿನ ದಶಕಗಳಲ್ಲಿ ನಾರಾಯಣಪುರದ ಕಾಲುವೆ ನೀರು ಬಂದಲ್ಲಿ ಭತ್ತ. ಈ ನಾಡಿನ ಬಾಳು ಗಾಳಿಯ ದಿಕ್ಕನ್ನು ನೆಚ್ಚಿಕೊಂಡಿದೆ. ಜ್ಯೇಷ್ಠ ಆಷಾಢಗಳಲ್ಲಿ ನೈಋತ್ಯದಿಂದ ಬರುವ ಮಳೆಗಾಳಿ ತನ್ನ ಭಾರವನ್ನೆಲ್ಲ ಸಹ್ಯಾದ್ರಿಯ ಮೇಲೆ ಇಳಿಸಿ ಹಗುರಾಗಿ ಇತ್ತ ಬರುತ್ತದೆ. ಆಗುಂಬೆಗೆ ಬೀಳುವ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಇಲ್ಲಿಗೆ ಸಿಕ್ಕಿದರೆ ಒಕ್ಕಲಿಗನು ಸಮಾಧಾನಪಟ್ಟುಕೊಳ್ಳುತ್ತಾನೆ. ಉಳಿದ ಕೊರತೆಯನ್ನು ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ತುಂಬಬೇಕು. ಅವುಗಳಿಗೆ ಬಲ ಬರುವುದು ಬಹುಮಟ್ಟಿಗೆ ಮೂಡಣ ಕಡಲಿನಿಂದ.

ಮೂಡಣ ಕಡಲಿನ ಈ ಉಪಕಾರವು ಒಮ್ಮೊಮ್ಮೆ ಮಿತಿಮೀರುವುದುಂಟು. 2009ರಲ್ಲಿ ಹಸ್ತದ ಮಳೆ ಹೀಗೆ ಬಂದು ಉತ್ತರ ಕರ್ನಾಟಕದ ಹಲವು ಜಿಲ್ಲೆಗಳನ್ನು ಮುಳುಗಿಸಿತು. ಆ ವರ್ಷದ ಕೊನೆಗೆ, ಡಿಸೆಂಬರ್ 30ರಂದು, ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ನೆರೆಯ ಕೆಸರು ಆರುವುದರೊಳಗೆ ಹುಟ್ಟಿದ ಜಿಲ್ಲೆಯೆನ್ನಬಹುದು. ಮತ್ತೆ 2020ರ ಅಕ್ಟೋಬರ್ 13ರ ಬೆಳಗ್ಗೆ ಬಂಗಾಳ ಕೊಲ್ಲಿಯಲ್ಲೆದ್ದ ಒಂದು ವಾಯುಭಾರದ ಕುಸಿತವು ಕಾಕಿನಾಡದ ಬಳಿ ದಡವೇರಿ, ತೆಲಂಗಾಣವನ್ನು ದಾಟಿ, ನಮ್ಮ ಉತ್ತರ ಒಳನಾಡಿನ ಮೇಲೆ ಹಾದು ಸೊಲ್ಲಾಪುರದ ಕಡೆಗೆ ಹೋಯಿತು. ಅದು ಚಿತ್ತೆಯ ಮಳೆ. ಮಳೆ ನಿಂತ ಮೇಲೆ ಹೊಳೆ ಬಂದಿತು. ಮೇಲಿನ ಮಹಾರಾಷ್ಟ್ರದಲ್ಲಿ ಬಿದ್ದ ನೀರೆಲ್ಲ ಭೀಮೆಗಿಳಿದು, ಬಿಸಿಲು ಬಿದ್ದ ಆಕಾಶದ ಕೆಳಗೆ ಊರುಗಳು ಮುಳುಗಿದವು.

ಮರುವರ್ಷ ಕಾಲೇಜುಗಳು ತೆರೆದ ಬಳಿಕ ನಾನು ಬಿ.ಎ. ತರಗತಿಗೆ ಹಳಗನ್ನಡ ಶಾಸ್ತ್ರಸಾಹಿತ್ಯದ ಪಾಠ ಹೇಳುತ್ತಿದ್ದೆ. ಕ್ರಿ.ಶ. 1300ರ ಸುಮಾರಿನಲ್ಲಿದ್ದ ಜೈನಕವಿ ರಟ್ಟನ ‘ರಟ್ಟಮತ’ದ ಪ್ರಸ್ತಾಪ ಬಂದಿತು. ಮಳೆ, ಸಿಡಿಲು, ಭೂಕಂಪ, ಗ್ರಹಗತಿ, ಶಕುನಗಳನ್ನು ವಿಷಯವಾಗಿ ಉಳ್ಳ ಗ್ರಂಥ ಅದು. ಮುಂದಿನ ತಲೆಮಾರುಗಳಲ್ಲಿ ತೆಲುಗಿಗೂ ಹೋಯಿತು. ಮಳೆಯನ್ನು ಮುಂದಾಗಿ ತಿಳಿಯಬೇಕೆಂಬ ಹಂಬಲ ನಮ್ಮಲ್ಲಿ ಎಷ್ಟು ಹಳೆಯದು ನೋಡಿ ಎಂದು ಹೇಳಿ ಮುಂದಕ್ಕೆ ಹೋಗುವವನಿದ್ದೆ. ಹಿಂದಿನ ಬೆಂಚಿನಿಂದ ಭೀಮಾತೀರದ ಒಬ್ಬ ಹುಡುಗ ಎದ್ದು ನಿಂತ. ಹಿಂದಿನ ವರ್ಷದ ನೆರೆಯಲ್ಲಿ ಅವನ ಮನೆಯ ಬಣವೆಯೂ ತೊಗರಿಯೂ ಹೋಗಿದ್ದುವೆಂದು ನಾನು ಬಲ್ಲೆ.

“ಮಳಿ ಆಂಧ್ರದ ಕಡಿಂದ ಬರಲಕತ್ತದ ಅಂತ ಟಿ.ವಿ.ದಾಗ ಹೇಳಿದ್ರು ಸರ್. ನಮ್ಮೂರಾಗ ಗಾಳಿ ಮಾತ್ರ ಪಡುವಲ ಕಡಿಂದ ಹೊಡಿತಿತ್ತು. ಅದು ಹ್ಯಾಂಗ್ರಿ?”

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ. ಎದುರಿನಿಂದ ಬರುವ ಬಿರುಗಾಳಿ ಬೆನ್ನ ಹಿಂದಿನಿಂದ ಬೀಸುವುದೆಂದರೇನು? ವಿಚಾರಿಸಿ ಹೇಳುತ್ತೇನೆ ಎಂದು ಅಂದು ತಪ್ಪಿಸಿಕೊಂಡೆ. ವಿಚಾರಿಸುತ್ತ ಹೋದಂತೆ, ಆ ಹುಡುಗನ ಪ್ರಶ್ನೆಯ ಬೇರು ಸಾವಿರದ ಐನೂರು ವರ್ಷಗಳ ಹಿಂದೆ ನಮ್ಮ ದೇಶದಲ್ಲಿಯೇ ನಡೆದ ಒಂದು ವಾದದವರೆಗೆ ಇಳಿದಿರುವುದು ಕಂಡುಬಂದಿತು. ತಿರುಗುತ್ತಿರುವುದು ಆಕಾಶವೋ ನೆಲವೋ ಎಂಬುದೇ ಆ ವಾದ.

ಆಕಾಶ ತಿರುಗುವುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ನಮ್ಮ ಸೀಮೆಯ ಜನ ಅದನ್ನು ಬಹು ಹಿಂದೆಯೇ ಎಚ್ಚರದಿಂದ ನೋಡಿದವರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ದೊಡ್ಡ ಗುಂಡುಕಲ್ಲುಗಳನ್ನು ಸಾಲುಸಾಲಾಗಿ ಇಟ್ಟ ಒಂದು ಬಯಲಿದೆ. ಬೃಹತ್ ಶಿಲಾಯುಗದವರೆಂದು ವಿದ್ವಾಂಸರು ಕರೆಯುವ ಜನರ ಕೆಲಸ ಅದು. ಮೆಡೋಸ್ ಟೇಲರನು ಅದನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ಸುರಪುರ ಸೀಮೆಯ ಹನಮಸಾಗರದಲ್ಲಿ ಇಂತಹದೇ ಇನ್ನೂ ದೊಡ್ಡ ರಚನೆಯುಂಟು. ಅಲ್ಲಿಯ ಸಾಲುಗಳು ನಾಲ್ಕು ದಿಕ್ಕುಗಳಿಗೆ ಹೊಂದಿಕೊಂಡಿರುವುದನ್ನೂ, ಉತ್ತರಾಯಣ ದಕ್ಷಿಣಾಯನಗಳ ತುದಿಯಲ್ಲಿ ಸೂರ್ಯನು ಹುಟ್ಟುವ ಮುಳುಗುವ ನೆಲೆಗಳನ್ನು ಅಲ್ಲಿಂದ ಗುರುತಿಸಬಹುದೆಂಬುದನ್ನೂ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ತೋರಿಸಿದ್ದಾರೆ. ಕಲ್ಲಿಟ್ಟವರ ಹೆಸರು ನಮಗೆ ತಿಳಿಯದು. ಸೂರ್ಯ ಎಲ್ಲಿ ಹುಟ್ಟಿದ ಎಂದು ದಿನವೂ ನೋಡಿದವರು ಅವರು ಎಂಬುದು ಮಾತ್ರ ಕಲ್ಲಿನಿಂದ ತಿಳಿಯುತ್ತದೆ.

ಸೂರ್ಯನಲ್ಲ, ನಾವೇ ತಿರುಗುತ್ತಿದ್ದೇವೆ ಎಂದು ಈ ದೇಶದಲ್ಲಿ ಸ್ಪಷ್ಟವಾಗಿ ಹೇಳಿದವನು ಆರ್ಯಭಟ. ಕ್ರಿ.ಶ. 499ರಲ್ಲಿ ಅವನಿಗೆ 23 ವರ್ಷ. ಹೊಳೆಯಲ್ಲಿ ಮುಂದೆ ಸಾಗುವ ದೋಣಿಯೊಳಗಿನವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುವ ಹಾಗೆ, ನೆಲದೊಡನೆ ಮೂಡಣಕ್ಕೆ ತಿರುಗುತ್ತಿರುವ ನಮಗೆ ನಿಂತ ನಕ್ಷತ್ರಗಳು ಪಡುವಣಕ್ಕೆ ಹೋಗುವಂತೆ ಕಾಣುತ್ತವೆ ಎಂಬುದು ಅವನ ದೃಷ್ಟಾಂತ. ಇದು ಕೇವಲ ಹೋಲಿಕೆಯ ಮಾತಾಗಿರಲಿಲ್ಲ. 43,20,000 ವರ್ಷಗಳ ಒಂದು ಯುಗದಲ್ಲಿ ಭೂಮಿಯು 158,22,37,500 ಸಲ ತಿರುಗುತ್ತದೆಂದು ಅವನು ಲೆಕ್ಕವನ್ನೇ ಕೊಟ್ಟನು. ಭಾಗಿಸಿ ನೋಡಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಚಿಲ್ಲರೆ ಬರುತ್ತದೆ. ಇಂದಿನ ಯಂತ್ರಗಳ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ಒಂದು ಸೆಕೆಂಡಿಗಿಂತ ಕಡಿಮೆ.

ಆದರೂ ಅವನ ಮಾತು ನಿಲ್ಲಲಿಲ್ಲ. ಆರನೆಯ ಶತಮಾನದಲ್ಲಿಯೇ ವರಾಹಮಿಹಿರನು ಆಕ್ಷೇಪವೆತ್ತಿದನು: ನೆಲವು ತಿರುಗುವುದಾದರೆ ಆಕಾಶಕ್ಕೆ ಹಾರಿದ ಹದ್ದು ತನ್ನ ಗೂಡಿಗೆ ಮರಳುವುದು ಹೇಗೆ? 628ರಲ್ಲಿ ಬ್ರಹ್ಮಗುಪ್ತನು ಎತ್ತರದ ವಸ್ತುಗಳೇಕೆ ಉರುಳಿಬೀಳುವುದಿಲ್ಲವೆಂದು ಕೇಳಿದನು. ಲಲ್ಲನೆಂಬ ಜ್ಯೋತಿಷಿಯು ಇನ್ನೂ ಎರಡು ಪ್ರಶ್ನೆಗಳನ್ನು ಸೇರಿಸಿದನು. ಮೇಲಕ್ಕೆ ಬಿಟ್ಟ ಬಾಣವು ಪಡುವಣಕ್ಕೆ ಬೀಳಬೇಕಾಗಿತ್ತಲ್ಲ? ಮೋಡಗಳೆಲ್ಲವೂ ಪಡುವಣಕ್ಕೇ ಹೋಗಬೇಕಾಗಿತ್ತಲ್ಲ? ಒಂಬತ್ತನೆಯ ಶತಮಾನದ ಪೃಥೂದಕಸ್ವಾಮಿಯಂತಹ ಒಬ್ಬಿಬ್ಬರು ಆರ್ಯಭಟನ ಪರವಾಗಿ ನಿಂತರು. ಉಳಿದವರಲ್ಲಿ ಬಹುಮಂದಿ ವ್ಯಾಖ್ಯಾನಕಾರರು, ಗುರುವಿನ ಗೌರವವನ್ನು ಉಳಿಸುವುದಕ್ಕೋ ಏನೋ, ಅವನ ಮಾತಿಗೆ ಬೇರೆ ಅರ್ಥ ಹಚ್ಚಿ ನೆಲವನ್ನು ಮತ್ತೆ ನಿಲ್ಲಿಸಿಬಿಟ್ಟರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಹೇಳುವ ಬಗೆ ಒಂದುಂಟು: ಆರ್ಯಭಟನು ಜಾಣ, ಆಕ್ಷೇಪಿಸಿದವರು ಮೂಢರು. ಇದು ಅನ್ಯಾಯವೆಂದು ನನಗೆ ತೋರುತ್ತದೆ. ಹದ್ದು, ಬಾಣ, ಮೋಡ ಇವು ಮೂಢರ ಪ್ರಶ್ನೆಗಳಲ್ಲ. ನೆಲ ತಿರುಗುವುದು ನಿಜವಾದರೆ ನೆಲವನ್ನು ಬಿಟ್ಟು ಚಲಿಸುವ ವಸ್ತುವಿನಲ್ಲಿ ಅದರ ಗುರುತು ಕಾಣಬೇಕು ಎಂಬುದು ಅವರ ತರ್ಕ. ಸಾವಿರ ವರ್ಷಗಳ ಬಳಿಕ, 1651ರಲ್ಲಿ, ಇಟಲಿಯ ರಿಚ್ಚೋಲಿ ಎಂಬ ಪಾದ್ರಿ ಪಂಡಿತನೂ ಇದೇ ತರ್ಕವನ್ನು ಹೂಡಿದನು. ಭೂಮಿ ತಿರುಗುವುದಾದರೆ ಉತ್ತರಕ್ಕೆ ಗುರಿಯಿಟ್ಟ ಫಿರಂಗಿಯ ಗುಂಡು ಬಲಕ್ಕೆ ಸರಿದು ಬೀಳಬೇಕು. ಹಾಗೆ ಸರಿದುದನ್ನು ಯಾರೂ ಕಂಡಿಲ್ಲ. ಆದುದರಿಂದ ಭೂಮಿ ನಿಂತಿದೆ ಎಂದನು. ತರ್ಕದಲ್ಲಿ ತಪ್ಪಿರಲಿಲ್ಲ. ಗುಂಡು ಎಷ್ಟು ಸರಿಯಬೇಕೆಂಬ ಅಳತೆ ಲಲ್ಲನ ಬಳಿಯೂ ಇರಲಿಲ್ಲ, ರಿಚ್ಚೋಲಿಯ ಬಳಿಯೂ ಇರಲಿಲ್ಲ.

ಆ ಅಳತೆಯನ್ನು ಇಂದು ನಾವು ಸುರಪುರಕ್ಕೇ ಅನ್ವಯಿಸಿ ನೋಡಬಹುದು. ಇದು ಬೇಡ ನಾಯಕರ ರಾಜಧಾನಿ. ಬಿಲ್ಲಿಗೆ ಹೆಸರಾದ ಜನ. ಔರಂಗಜೇಬನು ತನ್ನ ಕೊನೆಯ ಮುತ್ತಿಗೆಯನ್ನು 1705ರಲ್ಲಿ ಹಾಕಿದುದು ಇವರದೇ ವಾಗಿನಗೇರಿಯ ಕೋಟೆಗೆ. ಇವರಲ್ಲಿ ಒಬ್ಬನು ಸೆಕೆಂಡಿಗೆ 50 ಮೀಟರು ವೇಗದಿಂದ ಬಾಣವನ್ನು ನೆಟ್ಟಗೆ ಮೇಲಕ್ಕೆ ಬಿಟ್ಟನೆನ್ನಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಾಣವು ಹತ್ತು ಸೆಕೆಂಡಿನ ಮೇಲೆ ನೆಲಕ್ಕೆ ಬರುತ್ತದೆ. ಸುರಪುರದ ನೆಲ ಗಂಟೆಗೆ ಸುಮಾರು 1600 ಕಿಲೋಮೀಟರು ವೇಗದಿಂದ ಮೂಡಣಕ್ಕೆ ಸಾಗುತ್ತಿದೆ. ಹಾಗಾದರೆ ಲಲ್ಲನ ಎಣಿಕೆಯಂತೆ ಬಾಣವು ನಾಲ್ಕೂವರೆ ಕಿಲೋಮೀಟರು ಪಡುವಣಕ್ಕೆ ಬೀಳಬೇಕು. ಆದರೆ ಬಾಣ ಬಿಟ್ಟವನೂ ಬಿಲ್ಲೂ ಬಾಣವೂ ಮೊದಲೇ ಆ ವೇಗದಲ್ಲಿ ಪಾಲುಳ್ಳವರು. ಓಡುವ ರೈಲಿನಲ್ಲಿ ಮೇಲಕ್ಕೆಸೆದ ನಿಂಬೆಹಣ್ಣು ಮರಳಿ ಅಂಗೈಗೇ ಬೀಳುವ ಹಾಗೆ ಬಾಣವು ಹೆಚ್ಚುಕಡಿಮೆ ಅಲ್ಲಿಯೇ ಬೀಳುತ್ತದೆ. ಈ ‘ಹೆಚ್ಚುಕಡಿಮೆ’ ಎಂಬಲ್ಲಿಯೇ ಸ್ವಾರಸ್ಯವಿದೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಸಹೋದ್ಯೋಗಿಗಳು ಲೆಕ್ಕ ಹಾಕಿಕೊಟ್ಟರು: ಬಾಣವು ನಿಜವಾಗಿಯೂ ಪಡುವಣಕ್ಕೇ ಬೀಳುತ್ತದೆ, ಸುಮಾರು 12 ಸೆಂಟಿಮೀಟರು ದೂರ. ಎಂದರೆ ಅರ್ಧ ಗೇಣು! ಲಲ್ಲನು ದಿಕ್ಕನ್ನು ಸರಿಯಾಗಿಯೇ ಹೇಳಿದ್ದನು. ಅವನು ನಿರೀಕ್ಷಿಸಿದುದು ಹರದಾರಿಯ ಲೆಕ್ಕ, ಇರುವುದು ಅರ್ಧ ಗೇಣು. ಗಾಳಿಯಲ್ಲಿ ತೂರಾಡುವ ಬಾಣದ ಅರ್ಧ ಗೇಣನ್ನು ಯಾರು ಕಂಡಾರು?

ಕಾಣಬೇಕೆಂದು ಹಟ ಹಿಡಿದವರು ಬಂದರು. 1831ರಲ್ಲಿ ಜರ್ಮನಿಯ ಫ್ರೈಬರ್ಗಿನ ಗಣಿಯೊಂದರಲ್ಲಿ ರೈಖ್ ಎಂಬವನು 158 ಮೀಟರು ಆಳಕ್ಕೆ ಗುಂಡುಗಳನ್ನು ನೂರಕ್ಕೂ ಹೆಚ್ಚು ಸಲ ಬೀಳಿಸಿ ನೋಡಿದನು. ಗಣಿಯ ಒಳಗೆ ಗಾಳಿಯ ಕಾಟ ಕಡಿಮೆ. ಸರಾಸರಿ 28 ಮಿಲಿಮೀಟರು ಮೂಡಣಕ್ಕೆ ಸರಿದು ಬಿದ್ದುವು. ಬೀಳುವ ವಸ್ತು ಮೂಡಣಕ್ಕೂ ಏರಿ ಇಳಿಯುವ ವಸ್ತು ಪಡುವಣಕ್ಕೂ ಸರಿಯಬೇಕೆಂಬುದು ಲೆಕ್ಕ, ಅದು ಹೊಂದಿತು. 1835ರಲ್ಲಿ ಪ್ಯಾರಿಸಿನ ಕೊರಿಯೋಲಿಸ್ ಎಂಬ ಗಣಿತಜ್ಞನು ತಿರುಗುವ ಯಂತ್ರಗಳ ಭಾಗಗಳು ಹೇಗೆ ಚಲಿಸುತ್ತವೆಂದು ವಿಚಾರ ಮಾಡುತ್ತ ಈ ಸರಿಯುವಿಕೆಯ ಸೂತ್ರವನ್ನು ಬರೆದನು. ನೀರಿನಿಂದ ತಿರುಗುವ ಚಕ್ರಗಳಂಥವು ಅವನ ಗಮನದಲ್ಲಿದ್ದುವು. ಮಳೆಗಾಳಿಯ ಯೋಚನೆ ಅವನಿಗಿರಲಿಲ್ಲ. ಆದರೂ ಗಾಳಿಯನ್ನು ಬಳಸುವಂತೆ ಮಾಡುವ ಈ ಎಳೆತಕ್ಕೆ ಇಂದು ಅವನ ಹೆಸರೇ ನಿಂತಿದೆ. 1851ರಲ್ಲಿ ಅದೇ ಪ್ಯಾರಿಸಿನಲ್ಲಿ ಫೂಕೋ ಎಂಬವನು 67 ಮೀಟರು ತಂತಿಗೆ ಗುಂಡು ಕಟ್ಟಿ ತೂಗಬಿಟ್ಟನು. ಗುಂಡು ತೂಗುವ ರೇಖೆ ಗಂಟೆಗಂಟೆಗೂ ತಿರುಗುತ್ತ ಹೋದುದನ್ನು ಪೌರಜನರು ಬಂದು ನೋಡಿದರು. ತಿರುಗುತ್ತಿದ್ದುದು ಅವರ ಕಾಲ ಕೆಳಗಿನ ನೆಲ. ಇಂತಹ ಲೋಲಕ ಪ್ಯಾರಿಸಿನಲ್ಲಿ ಒಂದು ಸುತ್ತಿಗೆ ಸುಮಾರು 32 ಗಂಟೆ ತೆಗೆದುಕೊಳ್ಳುತ್ತದೆ. ದೆಹಲಿಯಲ್ಲಿ 2023ರಲ್ಲಿ ತೆರೆದ ಹೊಸ ಸಂಸತ್ ಭವನದಲ್ಲಿಯೂ ಒಂದನ್ನು ತೂಗಹಾಕಿದ್ದಾರೆ. ಅದಕ್ಕೆ 50 ಗಂಟೆ ಬೇಕು. ಸುರಪುರದ ಅರಮನೆಯಲ್ಲಿ ತೂಗಹಾಕಿದರೆ 84 ಗಂಟೆ, ಎಂದರೆ ಮೂರೂವರೆ ದಿನ ಹಿಡಿದೀತು. ಭೂಮಧ್ಯರೇಖೆಗೆ ಹತ್ತಿರ ಬಂದಷ್ಟೂ ಈ ತಿರುಗಿನ ಹಿಡಿತ ಸಡಿಲವಾಗುತ್ತದೆ, ರೇಖೆಯ ಮೇಲೆ ಇಲ್ಲವೇ ಇಲ್ಲ.

ಇಷ್ಟು ಬಾಣದ ಮಾತಾಯಿತು. ಇನ್ನು ಮೋಡ. ಲಲ್ಲನ ಎರಡನೆಯ ಪ್ರಶ್ನೆಗೆ ಬಂದ ಉತ್ತರ ಮೊದಲನೆಯದಕ್ಕಿಂತ ದೊಡ್ಡದು. 1735ರಲ್ಲಿ ಹ್ಯಾಡ್ಲಿ ಎಂಬ ಲಂಡನ್ನಿನ ವಕೀಲನು ಹಡಗುಗಳನ್ನು ನಡೆಸುವ ವಾಣಿಜ್ಯ ಮಾರುತಗಳು ಓರೆಯಾಗಿ ಬೀಸುವುದೇಕೆಂದು ವಿಚಾರಮಾಡಿದನು. ಅವನ ವಿವರಣೆ ಸರಳವಾದುದು. ಭೂಮಧ್ಯರೇಖೆಯ ಮೇಲೆ ನೆಲ ಗಂಟೆಗೆ 1670 ಕಿಲೋಮೀಟರು ಸಾಗುತ್ತದೆ; ಸುರಪುರದಲ್ಲಿ 1600ರ ಸುಮಾರು; ದೆಹಲಿಯಲ್ಲಿ ಇನ್ನೂ ಕಡಿಮೆ. ದಕ್ಷಿಣದಿಂದ ಉತ್ತರಕ್ಕೆ ಹೊರಟ ಗಾಳಿಯು ತಾನು ಬಿಟ್ಟುಬಂದ ನೆಲದ ಹೆಚ್ಚಿನ ವೇಗವನ್ನು ಹೊತ್ತು ತರುವುದರಿಂದ ಇಲ್ಲಿಯ ನೆಲಕ್ಕಿಂತ ಮುಂದಾಗಿ ಮೂಡಣಕ್ಕೆ, ಎಂದರೆ ತನ್ನ ಬಲಕ್ಕೆ ಸರಿಯುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಬಂದುದು ಹಿಂದುಳಿದು ಪಡುವಣಕ್ಕೆ ಸರಿಯುತ್ತದೆ. ಅದೂ ಅದರ ಬಲವೇ. ಮೂಡಣ ಪಡುವಣವಾಗಿ ಬೀಸುವ ಗಾಳಿಗೂ ಇದೇ ಎಳೆತವುಂಟೆಂಬುದನ್ನು ಹ್ಯಾಡ್ಲಿ ಕಂಡಿರಲಿಲ್ಲ. ಆ ಕೊರತೆಯನ್ನು ನೀಗಿ, 1856ರಲ್ಲಿ ಗಾಳಿಯ ವಿಷಯಕ್ಕೆ ಅದನ್ನು ವಿಶದವಾಗಿ ಅನ್ವಯಿಸಿದವನು ಅಮೆರಿಕದ ಫೆರೆಲ್ ಎಂಬ ಶಾಲಾಮಾಸ್ತರ. ಭೂಮಿಯ ಉತ್ತರಾರ್ಧದಲ್ಲಿ ಚಲಿಸುವುದೆಲ್ಲ ಬಲಕ್ಕೂ ದಕ್ಷಿಣಾರ್ಧದಲ್ಲಿ ಎಡಕ್ಕೂ ಒಲಿಯುತ್ತದೆಂಬುದು ಸಾರಾಂಶ.

ನಮ್ಮ ಮುಂಗಾರು ಮಳೆಗಾಳಿಯೇ ಇದಕ್ಕೆ ಸಾಕ್ಷಿ. ಬೇಸಿಗೆಯಲ್ಲಿ ಏಷ್ಯದ ನೆಲ ಕಾಯ್ದು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ ಹೊರಡುವ ಗಾಳಿ ಅಲ್ಲಿ ಎಡಕ್ಕೆ ಒಲಿದು ಆಗ್ನೇಯದಿಂದ ಬೀಸುತ್ತದೆ. ಭೂಮಧ್ಯರೇಖೆಯನ್ನು ದಾಟಿದೊಡನೆ ಎಳೆತ ಬಲಕ್ಕೆ ಹೊರಳುತ್ತದೆ. ಸೊಮಾಲಿಯದ ತೀರವನ್ನು ಬಳಸಿಕೊಂಡು ಅದೇ ಗಾಳಿ ನೈಋತ್ಯ ಮಾರುತವಾಗಿ ಮಂಗಳೂರು ಕಾರವಾರಗಳಿಗೆ ಬರುತ್ತದೆ. ನೆಲ ತಿರುಗದೆ ನಿಂತಿದ್ದರೆ ನಮ್ಮ ಮಳೆಗಾಳಿಗೆ ನೈಋತ್ಯವೆಂಬ ಹೆಸರೇ ಬರುತ್ತಿರಲಿಲ್ಲ. ಸಹ್ಯಾದ್ರಿಗೆ ಎದೆಯೊಡ್ಡಿ ಬಂದು ಡಿಕ್ಕಿ ಹೊಡೆಯುವ ಆ ದಿಕ್ಕು, ಮಲೆನಾಡಿಗೆ ಸುರಿದು ನಮ್ಮ ಸೀಮೆಯನ್ನು ಮಳೆಯ ನೆರಳಿನಲ್ಲಿ ಕೂಡಿಸಿದ ಆ ದಿಕ್ಕು, ತಿರುಗುವ ನೆಲ ಕೊಟ್ಟದ್ದು.

ಬಾಣದಲ್ಲಿ ಅರ್ಧ ಗೇಣಾದುದು ಮೋಡದಲ್ಲಿ ಇಷ್ಟು ದೊಡ್ಡದಾದುದೇಕೆ ಎಂದು ವಾಚಕರು ಕೇಳಬಹುದು. ಬಾಣದ ಆಯುಷ್ಯ ಹತ್ತು ಸೆಕೆಂಡು, ಗಾಳಿಯದು ದಿನಗಟ್ಟಲೆ. ಎಳೆತ ಬಹಳ ಮೆಲ್ಲನೆಯದು, ಆದರೆ ಬಿಡದೆ ಎಳೆಯುತ್ತಿರುತ್ತದೆ. ಸುರಪುರದ ಅಕ್ಷಾಂಶದಲ್ಲಿ ಗಂಟೆಗೆ 36 ಕಿಲೋಮೀಟರು ವೇಗದ ಗಾಳಿಯು, ಬೇರೆ ಅಡ್ಡಿಯಿಲ್ಲದಿದ್ದರೆ, ಒಂದೇ ಗಂಟೆಯಲ್ಲಿ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ಬಲಕ್ಕೆ ಸರಿದಿರುತ್ತದೆ. ಸಣ್ಣ ವಸ್ತುಗಳಲ್ಲಿ, ಸ್ವಲ್ಪ ಹೊತ್ತಿನಲ್ಲಿ, ಇದನ್ನು ಹುಡುಕಹೋದರೆ ಮೋಸಹೋಗುತ್ತೇವೆ. ಬಚ್ಚಲ ತೂಬಿನಲ್ಲಿ ನೀರು ಸುಳಿಯಾಗಿ ಇಳಿಯುವುದು ಭೂಮಿ ತಿರುಗುವುದರಿಂದ ಎಂಬ ಮಾತನ್ನು ಕಲಿತವರೂ ಹೇಳುತ್ತಾರೆ. ಅಲ್ಲಿ ತೂಬಿನ ಆಕಾರವೂ ನೀರು ಸುರಿದ ಬಗೆಯೂ ಸುಳಿಯನ್ನು ನಿರ್ಣಯಿಸುತ್ತವೆ. ಹೊಳೆಗಳು ಬಲದಂಡೆಯನ್ನೇ ಹೆಚ್ಚು ಕೊರೆಯುತ್ತವೆಂದು 1860ರಲ್ಲಿ ಫೋನ್ ಬೇರ್ ಎಂಬ ವಿದ್ವಾಂಸನು ವಾದಿಸಿದ್ದುಂಟು. ನಮ್ಮ ಕೃಷ್ಣೆಯು ಅರ್ಧ ಕಿಲೋಮೀಟರು ಅಗಲವಾಗಿ ಸೆಕೆಂಡಿಗೆ ಎರಡು ಮೀಟರು ವೇಗದಿಂದ ಹರಿಯುವಾಗ ಬಲದಂಡೆಯ ನೀರು ಎಡದಂಡೆಗಿಂತ ಎಷ್ಟು ಎತ್ತರವಾದೀತು? ನಾಲ್ಕು ಮಿಲಿಮೀಟರು, ಒಂದು ಜೋಳದ ಕಾಳಿನಷ್ಟು. ದಂಡೆಯ ಮಣ್ಣು, ಬಂಡೆ, ತಿರುವುಗಳ ಮುಂದೆ ಅದರ ಆಟ ನಡೆಯುವುದಿಲ್ಲ.

ಇನ್ನು ಹುಡುಗನ ಬಿರುಗಾಳಿಗೆ ಬರೋಣ. ಇಂತಹದೇ ಪ್ರಶ್ನೆ 1821ರಲ್ಲಿ ಅಮೆರಿಕದ ಒಬ್ಬ ಸಾಮಾನ್ಯನಿಗೆ ಹೊಳೆದಿತ್ತು. ಕುದುರೆಯ ಜೀನು ಹೊಲಿಯುವ ಕಸುಬು ಕಲಿತಿದ್ದ ರೆಡ್‌ಫೀಲ್ಡನು ಚಂಡಮಾರುತವೊಂದು ಹಾದುಹೋದ ಸೀಮೆಯಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಒಂದು ಕಡೆ ಬಿದ್ದ ಮರಗಳ ತಲೆ ಒಂದು ದಿಕ್ಕಿಗೂ, ಇನ್ನೊಂದು ಕಡೆ ಅದಕ್ಕೆ ತದ್ವಿರುದ್ಧ ದಿಕ್ಕಿಗೂ ಇರುವುದನ್ನು ಕಂಡನು. ಗಾಳಿ ನೆಟ್ಟಗೆ ಬಂದುದಲ್ಲ, ಸುತ್ತುತ್ತ ಬಂದುದು ಎಂದು ಅವನು ಊಹಿಸಿ 1831ರಲ್ಲಿ ಪ್ರಕಟಿಸಿದನು. ಬಂಗಾಳ ಕೊಲ್ಲಿಯ ಬಿರುಗಾಳಿಗಳಿಗೆ ಈ ವಿಚಾರವನ್ನು ಹಿಡಿದು ದುಡಿದವನು ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್. ಹಡಗುಗಳ ದಿನಚರಿ ಪುಸ್ತಕಗಳನ್ನು ಕೂಡಿಹಾಕಿ, ಯಾವ ಹಡಗಿಗೆ ಯಾವ ಹೊತ್ತಿನಲ್ಲಿ ಯಾವ ದಿಕ್ಕಿನ ಗಾಳಿ ಬಡಿಯಿತೆಂದು ನಕ್ಷೆಗೆ ಇಳಿಸಿದನು. ಹಾವಿನ ಸುರುಳಿಯನ್ನು ನೆನಪಿಗೆ ತರುವ ಗ್ರೀಕ್ ಮಾತಿನಿಂದ ‘ಸೈಕ್ಲೋನ್’ ಎಂಬ ಪದವನ್ನು ಕಟ್ಟಿ 1848ರ ತನ್ನ ನಾವಿಕರ ಕೈಪಿಡಿಯಲ್ಲಿ ಬಳಸಿದವನು ಅವನೇ. ಇಂದು ಲೋಕವೆಲ್ಲ ಆಡುವ ಈ ಮಾತು ನಮ್ಮ ಮೂಡಣ ಕಡಲಿನ ದಡದಲ್ಲಿ ಹುಟ್ಟಿತು.

ಸುತ್ತುವ ಕಾರಣವೂ ಅದೇ ಬಲದೆಳೆತ. ನಡುವೆ ವಾಯುಭಾರ ಕುಸಿದಾಗ ನಾಲ್ಕು ಕಡೆಯ ಗಾಳಿಯೂ ಆ ಕುಳಿಗೆ ನುಗ್ಗುತ್ತದೆ. ಪ್ರತಿಯೊಂದೂ ತನ್ನ ಬಲಕ್ಕೆ ಸರಿಯುವುದರಿಂದ ಯಾವುದೂ ನೆಟ್ಟಗೆ ಒಳಕ್ಕೆ ಹೋಗಲಾರದೆ ಕುಳಿಯನ್ನು ಎಡಸುತ್ತಾಗಿ, ಗಡಿಯಾರದ ಮುಳ್ಳಿಗೆ ಎದುರಾಗಿ, ಬಳಸತೊಡಗುತ್ತದೆ. ದಕ್ಷಿಣಾರ್ಧದಲ್ಲಿ ಈ ಸುತ್ತು ತಿರುಗುಮುರುಗು. ಭೂಮಧ್ಯರೇಖೆಯ ಅತಿ ಸಮೀಪದಲ್ಲಿ ಇಂತಹ ಬಿರುಗಾಳಿ ಹುಟ್ಟುವುದು ತೀರ ಅಪರೂಪ.

ಪಿಡಿಂಗ್ಟನ್ನನು ಕಲ್ಕತ್ತೆಯಲ್ಲಿ ಗಾಳಿಯ ನಕ್ಷೆ ಬರೆಯುತ್ತಿದ್ದ ವರ್ಷಗಳಲ್ಲಿಯೇ ಮೆಡೋಸ್ ಟೇಲರನು ಸುರಪುರದಲ್ಲಿ ಬಾಲರಾಜ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನವನ್ನು ನೋಡಿಕೊಳ್ಳುತ್ತಿದ್ದನು. 1853ರಲ್ಲಿ ಅಧಿಕಾರವನ್ನು ರಾಜನಿಗೆ ಒಪ್ಪಿಸುವವರೆಗೆ ಅವನು ಇಲ್ಲಿ ರಸ್ತೆ ಹಾಕಿಸಿದನು, ಕೆರೆಗಳನ್ನು ಕಟ್ಟಿಸಿದನು. ನಾಯಕರ ಕಾಲದ ಬೋನಾಳದ ಕೆರೆಯನ್ನು ತಿದ್ದಿಸಿದನು. ಬಂದ ಮಳೆಯನ್ನು ಹಿಡಿದಿಡುವುದು ಅಂದಿಗೆ ಸಾಧ್ಯವಿತ್ತು. ಬರುವ ಮಳೆಯನ್ನು ಮುಂದಾಗಿ ತಿಳಿಯುವುದು ಸಾಧ್ಯವಿರಲಿಲ್ಲ. ಮುಂದಾಗಿ ತಿಳಿಯುವ ವಿದ್ಯೆಯೆಂದು ಅರಮನೆಯಲ್ಲಿದ್ದುದು ಜಾತಕ. ರಾಜನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಜಾತಕ ಬರೆದವರು ಹೇಳಿದ್ದರೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ವೆಂಕಟಪ್ಪನಾಯಕನು ಬಂಡಾಯದಲ್ಲಿ ಸೇರಿ, 1858ರ ಫೆಬ್ರುವರಿಯಲ್ಲಿ ಸುರಪುರವು ಇಂಗ್ಲಿಷರ ಕೈಸೇರಿ, ಅದೇ ವರ್ಷ ಸೆರೆಯಾಳಾಗಿ ಸಾಗುತ್ತಿದ್ದಾಗ ಗುಂಡೇಟಿನಿಂದ ಮರಣವನ್ನಪ್ಪಿದನು. ಜಾತಕ ಫಲಿಸಿತೆಂದು ಜನ ಅಂದುಕೊಂಡರೆ ಆಶ್ಚರ್ಯವಿಲ್ಲ. ಜಾತಕಕ್ಕೆ ಅಡಿಗಲ್ಲಾದ ಲಗ್ನವೆಂಬುದು ಭೂಮಿ ತಿರುಗುವುದರ ಅಳತೆಯೇ: ಮೂಡಣ ದಿಗಂತದಲ್ಲಿ ರಾಶಿಯಿಂದ ರಾಶಿ ಏರಿಬರುವುದು ನೆಲ ತಿರುಗುವುದರಿಂದ. ಅದೇ ತಿರುಗನ್ನು ಒಬ್ಬ ಮನುಷ್ಯನ ಹಣೆಬರಹಕ್ಕೆ ಹಚ್ಚಿ ಓದುವವರು ಗುಡ್ಡದ ಮೇಲಿದ್ದರು. ಬಿರುಗಾಳಿಗೆ ಹಚ್ಚಿ ಓದುವವರು ಕಲ್ಕತ್ತೆಯಲ್ಲಿದ್ದರು. ಮೊದಲನೆಯ ಓದು ರಾಜನಿಗೆ ಯಾವ ದಾರಿಯನ್ನೂ ತೋರಿಸಲಿಲ್ಲ. ಎರಡನೆಯದು ನಾವಿಕನಿಗೆ ಎತ್ತ ತಿರುಗಬೇಕೆಂದು ಹೇಳಿತು.

1857ರಲ್ಲಿ ಹಾಲೆಂಡಿನ ಬೈಸ್ ಬಲೋಟ್ ಎಂಬ ಪ್ರಾಧ್ಯಾಪಕನು ಇದನ್ನೆಲ್ಲ ಯಾರ ಕೈಗೂ ಸಿಗುವ ಒಂದು ನಿಯಮಕ್ಕೆ ಇಳಿಸಿದನು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಉತ್ತರಾರ್ಧದಲ್ಲಿ ನಿಮ್ಮ ಎಡಗೈಯ ಕಡೆಗೆ ವಾಯುಭಾರದ ಕುಳಿ ಇರುತ್ತದೆ. ನಮ್ಮ ದೇಶದಲ್ಲಿ 1864ರ ಕಲ್ಕತ್ತೆಯ ಚಂಡಮಾರುತ, 1866ರ ಒರಿಸ್ಸದ ಕ್ಷಾಮ, ಇವುಗಳ ಸಾವುನೋವಿನ ಮೇಲೆ 1875ರಲ್ಲಿ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಊರೂರಿನ ವಾಯುಭಾರವನ್ನೂ ಗಾಳಿಯ ದಿಕ್ಕನ್ನೂ ಒಂದೆಡೆ ಕಲೆಹಾಕಿ ಕುಳಿ ಎತ್ತ ಸಾಗುತ್ತಿದೆಯೆಂದು ಹೇಳುವ ಏರ್ಪಾಡು ಅಲ್ಲಿಂದ ಬೆಳೆಯಿತು. 2020ರ ಅಕ್ಟೋಬರದಲ್ಲಿ ಹುಡುಗನ ಮನೆಯ ಟಿ.ವಿ.ಯಲ್ಲಿ ಬಂದುದು ಆ ಏರ್ಪಾಡಿನ ಮಾತು. ಮಳೆ ಎಲ್ಲಿಂದ ಬರುತ್ತದೆಂದು ಅದು ತಪ್ಪಿಲ್ಲದೆ ಹೇಳಿತು. ಆದರೆ ಕೇಳಿದವನ ಅಂಗಳದಲ್ಲಿ ಬೀಸುವ ಗಾಳಿಗೂ ಆ ಸುದ್ದಿಗೂ ಇರುವ ಸಂಬಂಧವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣಿಗೆ ಕಂಡುದು ಒಂದು, ಕಿವಿಗೆ ಬಿದ್ದುದು ಇನ್ನೊಂದು ಆದಾಗ ಹಳ್ಳಿಯವನು ಕಣ್ಣನ್ನೇ ನಂಬುತ್ತಾನೆ, ಮುನ್ಸೂಚನೆಯನ್ನು ಕೈಬಿಡುತ್ತಾನೆ. ಹೀಗೆ ಕೈಬಿಟ್ಟುದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಹೊಳೆದಂಡೆಯವರಿಗೆ ನಾನು ಹೇಳಬೇಕಾದುದಿಲ್ಲ.

ಇಷ್ಟನ್ನು ಕೂಡಿಸಿಕೊಂಡು ಮತ್ತೊಮ್ಮೆ ಆ ತರಗತಿಗೆ ಹೋದಾಗ ಹುಡುಗನನ್ನು ಎದ್ದು ನಿಲ್ಲಲು ಹೇಳಿದೆ. ಆರ್ಯಭಟನ ದೋಣಿ, ಲಲ್ಲನ ಬಾಣ, ಮೋಡ ಎಲ್ಲವನ್ನೂ ಹೇಳಿದೆ. ಅವನು ಮಾಡಿದ ಪ್ರಶ್ನೆ ಹಿಂದೆ ದೊಡ್ಡ ದೊಡ್ಡವರು ಮಾಡಿದ ಪ್ರಶ್ನೆಯ ಜಾತಿಗೆ ಸೇರಿದ್ದೆಂದು ಹೇಳಿದಾಗ ಈ ಸಲ ಯಾರೂ ನಗಲಿಲ್ಲ. ಕೊನೆಗೆ ಬಲೋಟನ ನಿಯಮವನ್ನು ಹೇಳಿ, “ಆ ದಿನ ಗಾಳಿ ಪಡುವಣದಿಂದ ಬೀಸಿತಲ್ಲ, ಹಾಗಾದರೆ ಬೆನ್ನು ಎತ್ತ ಮಾಡುತ್ತೀ?” ಎಂದು ಕೇಳಿದೆ. ಅವನು ಕಿಟಕಿಯ ಕಡೆ ನೋಡಿ ದಿಕ್ಕನ್ನು ಗೊತ್ತುಮಾಡಿಕೊಂಡು, ಪಡುವಣಕ್ಕೆ ಬೆನ್ನು ತಿರುಗಿಸಿ, ಎಡಗೈಯನ್ನು ಚಾಚಿದ. ಕೈ ಉತ್ತರಕ್ಕೆ ಹೋಯಿತು. ಒಂದು ಗಳಿಗೆ ಹಾಗೆಯೇ ನಿಂತು, ಚಾಚಿದ ಕೈಯನ್ನು ಇಳಿಸದೆ ಹೇಳಿದ:

“ಅಂದ್ರ ಅದು ನಮ್ಮೂರಿನ ಮ್ಯಾಲಿಂದ ಹೋಗಿಲ್ರಿ ಸರ್. ಕಲಬುರ್ಗಿ ಕಡಿಂದ ಹೋಗ್ಯದ.”

ಹೋದುದು ಆ ಕಡೆಯಿಂದಲೇ.